ಸೋರುವ ಮಾಸ್ಕು ಮತ್ತು ‘ಅಭ್ಯಾಸ ಆಗುತ್ತೆ’ ಅನ್ನೋ ಮಾತು

“ಅಭ್ಯಾಸ ಆಗುತ್ತೆ ಬಿಡಿ.”

ಈ ಮಾತನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ ಹೇಳಿ! ಹೊಸ ಚಪ್ಪಲಿ ಕಚ್ಚಿದರೆ ಅಭ್ಯಾಸ ಆಗುತ್ತೆ. ಹೊಸ ಕನ್ನಡಕ ಹಾಕಿ ತಲೆ ತಿರುಗಿದರೆ ಅಭ್ಯಾಸ ಆಗುತ್ತೆ. ಹೊಸ ಮ್ಯಾನೇಜರ್ ದಿನಾ ಕಿರುಚಿದರೂ ಅಭ್ಯಾಸ ಆಗುತ್ತೆ :) ಚಪ್ಪಲಿ ವಿಷಯದಲ್ಲಿ ಈ ಮಾತು ನಿಜವೇ ಇರಬಹುದು. ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ಕೊಡುವ ಮಾಸ್ಕಿನ ವಿಷಯದಲ್ಲಿ ಇದೊಂದು ಮಾತು ಎಷ್ಟೋ ಜನರ ಚಿಕಿತ್ಸೆಯನ್ನೇ ಹಾಳು ಮಾಡ್ತಾ ಇದೆ ಅನ್ನೋದು ನನ್ನ ವಾದ. ಇವತ್ತಿನ ಬರಹ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಟೀ ತಗೊಂಡು ಬಂದು ಓದಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಹತ್ತಿರದವರೊಬ್ಬರಿಗಾಗಿ ಈ ಮಾಸ್ಕಿನ ಹಿಂದೆ ಬಿದ್ದು ಓದಿದವನು, ಕೇಳಿದವನು, ಕಣ್ಣಾರೆ ನೋಡಿದವನು ಅಷ್ಟೇ.

ಕಾಯಿಲೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದರ ಹೆಸರು ಸ್ಲೀಪ್ ಅಪ್ನಿಯಾ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ, ನಾಲಿಗೆಯ ಬುಡ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಹೋಗುತ್ತೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವರಿಗೆ ಇನ್ನೂ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮೆದುಳು ಗಾಬರಿ ಬಿದ್ದು ಅರೆ ಎಚ್ಚರ ಮಾಡಿಸುತ್ತೆ, ಗೊರ್ರ್ ಅಂತ ದೊಡ್ಡದೊಂದು ಗೊರಕೆ ಹೊಡೆದು ಮತ್ತೆ ನಿದ್ದೆ. ಮತ್ತೆ ಬಂದ್. ಗಂಟೆಗೆ ಸರಾಸರಿ ಎಷ್ಟು ಸಲ ಹೀಗೆ ಉಸಿರು ನಿಲ್ಲುತ್ತೆ ಅಥವಾ ತೀರಾ ಕಡಿಮೆಯಾಗುತ್ತೆ ಅಂತ ಪರೀಕ್ಷೆಯಲ್ಲಿ ಎಣಿಸ್ತಾರೆ. 5ರೊಳಗಿದ್ದರೆ ಪರವಾಗಿಲ್ಲ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. 2022ರ ಫೆಬ್ರವರಿಯಲ್ಲಿ ಬಪ್ಪಿ ಲಾಹಿರಿ ತೀರಿಕೊಂಡಾಗ ಡಾಕ್ಟರು ಹೇಳಿದ ಕಾರಣ ಇದೇ ಕಾಯಿಲೆ. ಅವತ್ತು ಟಿವಿಯಲ್ಲಿ ಎರಡು ದಿನ ಇದರ ಚರ್ಚೆ ನಡೆಯಿತು, ಆಮೇಲೆ ಎಲ್ಲರೂ ಮರೆತರು. 2023ರಲ್ಲಿ ದೆಹಲಿಯ ಏಮ್ಸ್ ವೈದ್ಯರು ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ, ಅಂದರೆ 10 ಕೋಟಿಗೂ ಮೀರಿದ ಜನಕ್ಕೆ ಇದು ಇದೆ ಅಂತ ಅವರ ಲೆಕ್ಕ. ಗೊರಕೆ ಅಂದರೆ ಒಳ್ಳೇ ನಿದ್ದೆಯ ಗುರುತು ಅಂತ ತಿಳಿದುಕೊಂಡ ನಮ್ಮ ನಾಡಿನಲ್ಲಿ ಇದರಲ್ಲಿ ಎಷ್ಟು ಜನ ಪರೀಕ್ಷೆ ಮಾಡಿಸಿಕೊಂಡಾರು, ನೀವೇ ಊಹಿಸಿ.

ಚಿಕಿತ್ಸೆ ಸಿಪ್ಯಾಪ್ ಅನ್ನೋ ಮಷಿನ್. ಪುಟ್ಟ ಪೆಟ್ಟಿಗೆ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮಾಸ್ಕು. ಪೆಟ್ಟಿಗೆ ಒಂದೇ ಸಮನೆ ಗಾಳಿಯನ್ನು ಒತ್ತಡದಲ್ಲಿ ಕಳಿಸುತ್ತೆ, ಆ ಗಾಳಿ ಗಂಟಲಿನ ದಾರಿ ಮುಚ್ಚದ ಹಾಗೆ ಒಳಗಿನಿಂದ ಆನಿಸಿ ಹಿಡಿಯುತ್ತೆ. ಔಷಧಿ ಇಲ್ಲ, ಆಪರೇಷನ್ ಇಲ್ಲ, ಬರೀ ಗಾಳಿ. ಆದರೆ ಆ ಗಾಳಿ ಗಂಟಲಿಗೆ ಹೋಗಬೇಕೇ ಹೊರತು ಕಣ್ಣಿಗಲ್ಲ, ಕೆನ್ನೆಗಲ್ಲ, ಪಕ್ಕದಲ್ಲಿ ಮಲಗಿದವರ ಕಿವಿಗಲ್ಲ. ಮಾಸ್ಕಿನ ವಿಷಯ ಬರೋದು ಇಲ್ಲೇ.

ನಮ್ಮ ದೇವಬಾಗದ ಒಂದು ಉದಾಹರಣೆ ಹೇಳ್ತೀನಿ. (ನೋಡದವರಿಗೆ: ಕಾರವಾರದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಬಂದರೆ, ನದಿ ಸಮುದ್ರ ಸೇರುವ ಜಾಗದ ಪಕ್ಕದಲ್ಲಿ ಗಾಳಿಮರಗಳ ಸಾಲು ಇರುವ ಊರು. ಪ್ರವಾಸಿಗರಿಗೆ ಬೀಚು, ನಮಗೆ ಮನೆ.) ನಮ್ಮ ಕೇರಿಯ ಒಬ್ಬ ಕಾಕಾ ಟ್ರಾಲ್ ಬೋಟಿನ ತಾಂಡೇಲ. ಬೋಟು ನಡೆಸುವವರನ್ನು ನಮ್ಮ ಕಡೆ ತಾಂಡೇಲ ಅಂತಾರೆ. ಎಷ್ಟೋ ವರ್ಷದಿಂದ ಬೈತಖೋಲ ಬಂದರಿನಿಂದ ಬೋಟು ಹೊರಡಿಸಿದ ಕೈ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ನಸುಕಿನಲ್ಲಿ ಅವರು ಸ್ಟಿಯರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಬೋಟಿನಲ್ಲಿ ಏಳು ಜನ ಖಲಾಸಿಗಳು. ಒಬ್ಬ ಹುಡುಗ ಬೀಡಿ ಹಚ್ಚಲಿಕ್ಕೆ ಅಂತ ಎದ್ದವನು ನೋಡಿ ಅಲುಗಾಡಿಸಿ ಎಬ್ಬಿಸಿದ. ಬೀಡಿಯಿಂದ ಉಪಕಾರ ಆಗಿದ್ದು ಅದೊಂದೇ ಸಲ ಇರಬೇಕು.

ಜೂನ್ 1ರಿಂದ ಜುಲೈ 31ರ ತನಕ ಹೇಗೂ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಆ ಬಿಡುವಿನಲ್ಲಿ ಮಗ ಅವರನ್ನು ದೊಡ್ಡ ಊರಿಗೆ ಕರೆದುಕೊಂಡು ಹೋಗಿ ರಾತ್ರಿಯ ನಿದ್ದೆ ಪರೀಕ್ಷೆ ಮಾಡಿಸಿದ. ಗಂಟೆಗೆ 41 ಸಲ ಉಸಿರು ಕಟ್ಟುತ್ತಿತ್ತು. ಡಾಕ್ಟರು ಮಷಿನ್ ಬರೆದುಕೊಟ್ಟರು, ಒತ್ತಡ 11 ಅಂತ ಬರೆದರು. ಮಾಸ್ಕಿನ ಬಗ್ಗೆ ಚೀಟಿಯಲ್ಲಿ ಇದ್ದದ್ದು ಒಂದೇ ಪದ: ‘ಮಾಸ್ಕ್’. ಅಂಗಡಿಯಲ್ಲಿ ಮಷಿನ್ ಜೊತೆಗೆ ಮೂಗು ಬಾಯಿ ಎರಡೂ ಮುಚ್ಚುವ ಮೀಡಿಯಂ ಸೈಜಿನ ಮಾಸ್ಕು ಫ್ರೀ ಅಂತ ಸಿಕ್ಕಿತು. ಕಾಕಾರನ್ನು ಕುರ್ಚಿಯಲ್ಲಿ ಕೂರಿಸಿ, ಮಷಿನ್ ಆಫ್ ಇಟ್ಟುಕೊಂಡೇ ಪಟ್ಟಿ ಕಟ್ಟಿ ತೋರಿಸಿದರು. ಎರಡು ನಿಮಿಷ. ಮುಗೀತು.

ಮನೆಗೆ ಬಂದ ಮೊದಲ ರಾತ್ರಿಯೇ ಮೂಗಿನ ಮೇಲ್ಭಾಗದಿಂದ ಗಾಳಿ ಸೀದಾ ಕಣ್ಣಿಗೆ. ಫೋನ್ ಮಾಡಿದರೆ ಅಂಗಡಿಯವರ ಉತ್ತರ: “ಪಟ್ಟಿ ಬಿಗಿ ಮಾಡಿ ಸರ್, ಅಭ್ಯಾಸ ಆಗುತ್ತೆ.” ಬಿಗಿ ಮಾಡಿದರು. ಇನ್ನೂ ಸೋರಿತು. ಇನ್ನೂ ಬಿಗಿ ಮಾಡಿದರು. ಐದನೇ ದಿನಕ್ಕೆ ಮೂಗಿನ ಮೇಲೆ ಕೆಂಪು ಗಾಯ, ಕಣ್ಣು ಉರಿ. “ಇವ್ರ ಗೊರಕೆನಾದ್ರೂ ಅಡ್ಡಿಲ್ಲ, ಆ ಮಾಸ್ಕು ಪೀಪಿ ಊದ್ದಂಗೆ ಊದ್ತದೆ” ಅಂತ ಕಾಕಿ ಪಕ್ಕದ ಕೋಣೆಗೆ ಹೋದರು. ಹತ್ತನೇ ದಿನಕ್ಕೆ ಮಷಿನ್ ಕಪಾಟಿನ ಮೇಲೆ, ಅದರ ಮೇಲೆ ಪೇಪರು. ಆಗಸ್ಟ್ 1ಕ್ಕೆ ಬೋಟು ಇಳಿಯೋದು ಮಾತ್ರ ನಿಲ್ಲೋದಿಲ್ಲವಲ್ಲ?

ಈಗ ಹೇಳಿ, ಚಿಕಿತ್ಸೆ ಸೋತಿದ್ದು ಎಲ್ಲಿ? ಕಾಯಿಲೆ ಗೊತ್ತಾಗಿದೆ, ಮಷಿನ್ ಚೆನ್ನಾಗಿದೆ, ದುಡ್ಡೂ ಖರ್ಚಾಗಿದೆ. ಸೋತಿದ್ದು ಮುಖ ಮತ್ತು ಸಿಲಿಕೋನಿನ ನಡುವಿನ ಒಂದು ಬೆರಳಿನಷ್ಟು ಜಾಗದಲ್ಲಿ.

ಇದರಲ್ಲಿ ಒಂದು ವಿಪರ್ಯಾಸ ಇದೆ, ಕೇಳಿ. ಸಿಪ್ಯಾಪ್ ಕಂಡುಹಿಡಿದವರು ಆಸ್ಟ್ರೇಲಿಯಾದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲ್ಲಿವನ್. 1980ರಲ್ಲಿ ಮೊದಲ ರೋಗಿಗೆ ಗಾಳಿ ಕೊಟ್ಟು ನೋಡಿದರು, 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಐದು ರೋಗಿಗಳ ವಿವರ ಪ್ರಕಟಿಸಿದರು. ಆಗ ಅಂಗಡಿಯಲ್ಲಿ ಕೊಳ್ಳೋಣ ಅಂದರೆ ಮಾಸ್ಕೇ ಇರಲಿಲ್ಲ. ಅದಕ್ಕೆ ಮೊದಮೊದಲ ರೋಗಿಗಳ ಮೂಗಿನ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು, ಅವರವರ ಮೂಗಿಗೇ ಮಾಸ್ಕು ಮಾಡಿ, ದಿನಾ ರಾತ್ರಿ ಸಿಲಿಕೋನ್ ಅಂಟಿನಿಂದ ಅಂಟಿಸುತ್ತಿದ್ದರಂತೆ. ರಾತ್ರಿ ಅಂಟಿಸೋದು, ಬೆಳಿಗ್ಗೆ ಕಿತ್ತುಕೊಳ್ಳೋದು! ಕಷ್ಟವೇ. ಆದರೆ ಆ ಕಾಲದಲ್ಲಿ ಒಂದು ವಿಷಯ ಎಲ್ಲರಿಗೂ ಸ್ಪಷ್ಟ ಇತ್ತು. ಈ ಮನುಷ್ಯನ ಮೂಗಿಗೆ ಈ ಮಾಸ್ಕು ಕೂರದಿದ್ದರೆ ಚಿಕಿತ್ಸೆಯೇ ಇಲ್ಲ. ನಲವತ್ತು ವರ್ಷದಲ್ಲಿ ಮಾಸ್ಕು ಮೆತ್ತಗಾಯಿತು, ಹಗುರಾಯಿತು, ಹತ್ತಾರು ಬಗೆಯದ್ದು ಬಂತು. ನಮ್ಮ ಅಂಗಡಿಗಳಲ್ಲಿ ಮಾತ್ರ ಅದು ಮಷಿನ್ ಜೊತೆ ಬರುವ ಫ್ರೀ ಗಿಫ್ಟಾಗಿದೆ, ಸೀರೆ ಜೊತೆ ಕೊಡುವ ಕೈಚೀಲದ ಹಾಗೆ.

ಮಾಸ್ಕು ಕೆಲಸ ಮಾಡುವ ಬಗೆ ಗೊತ್ತಾದರೆ ‘ಬಿಗಿ ಮಾಡಿ’ ಅನ್ನೋ ಸಲಹೆ ಎಷ್ಟು ಉಲ್ಟಾ ಅಂತ ಗೊತ್ತಾಗುತ್ತೆ. ಮುಖಕ್ಕೆ ತಾಗುವ ಅಂಚು ತೀರಾ ತೆಳುವಾದ ಸಿಲಿಕೋನ್ ಪೊರೆ. ಮಷಿನ್ ಆನ್ ಆದಾಗ ಒಳಗಿನ ಗಾಳಿಯೇ ಆ ಪೊರೆಯನ್ನು ಉಬ್ಬಿಸಿ ಮುಖದ ಉಬ್ಬುತಗ್ಗಿಗೆ ಒತ್ತುತ್ತೆ. ಸೋರದಂತೆ ತಡೆಯೋದು ಗಾಳಿ, ಪಟ್ಟಿ ಅಲ್ಲ. ಪಟ್ಟಿಯ ಕೆಲಸ ಮಾಸ್ಕನ್ನು ಜಾಗದಲ್ಲಿ ಹಿಡಿದುಕೊಳ್ಳೋದು ಮಾತ್ರ. ಪಟ್ಟಿ ವಿಪರೀತ ಬಿಗಿಯಾದರೆ ಪೊರೆ ಉಬ್ಬಲಿಕ್ಕೆ ಜಾಗ ಸಿಗದೆ ಮಡಚಿಕೊಳ್ಳುತ್ತೆ, ಆ ಮಡಿಕೆಯಲ್ಲೇ ಹೊಸ ಸೋರಿಕೆ ಶುರು. ಈ ವಿಷಯ ಹೇಳಿದಾಗ ಕಾಕಾ ತಕ್ಷಣ ಅಂದಿದ್ದು: “ಬಲೆ ಹರಿದ ಜಾಗದಲ್ಲಿ ಹಗ್ಗ ಎಳೆದ್ರೆ ಇನ್ನೂ ಹರೀತದೆ ತಮಾ, ಇದೂ ಹಾಗೇ ಅಲ್ವಾ?” ನೋಡಿ, ತಾಂಡೇಲರಿಗೆ ಒಂದು ನಿಮಿಷದಲ್ಲಿ ಅರ್ಥ ಆಯಿತು. ಅದನ್ನು ಹೇಳುವವರೇ ಇರಲಿಲ್ಲ ಅಷ್ಟೇ.

ಇನ್ನೊಂದು ಬಹಳ ಮುಖ್ಯವಾದದ್ದು. ಎಲ್ಲಾ ಗಾಳಿಯೂ ಸೋರಿಕೆ ಅಲ್ಲ. ಮಾಸ್ಕಿನ ಮುಂಭಾಗದಲ್ಲಿ ಅಥವಾ ಕೊಳವೆ ಸೇರುವ ಜಾಗದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತೆ. ನಾವು ಬಿಟ್ಟ ಉಸಿರು ಹೊರಹೋಗಲಿಕ್ಕೆ ಅಂತಲೇ ಇಟ್ಟದ್ದು ಅವು. ಅಲ್ಲಿಂದ ಸದಾ ಸುಯ್ ಅಂತ ಗಾಳಿ ಬರುತ್ತೆ, ಬರಲೇಬೇಕು. ‘ಲೀಕ್ ಆಗ್ತಿದೆ’ ಅಂತ ಅದಕ್ಕೆ ಟೇಪ್ ಹಚ್ಚಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡ ಹಾಗೆ, ಅಪಾಯ. ಹಾಗೆಯೇ ಆಸ್ಪತ್ರೆಗಳಲ್ಲಿ ವೆಂಟಿಲೇಟರಿಗೆ ಹಾಕುವ, ತೂತಿಲ್ಲದ ಮಾಸ್ಕುಗಳೂ ಇವೆ. ಸಾಮಾನ್ಯವಾಗಿ ಕೊಳವೆ ಸೇರುವ ಮೊಣಕೈ ತುಂಡು ನೀಲಿ ಬಣ್ಣದ್ದಿರುತ್ತೆ. ನೋಡಲಿಕ್ಕೆ ಎರಡೂ ಒಂದೇ ಥರ. ಯಾರೋ ಪರಿಚಯದವರು ಆಸ್ಪತ್ರೆಯಿಂದ ತಂದುಕೊಟ್ಟರು ಅಂತ ಅದನ್ನು ಮನೆಯ ಸಿಪ್ಯಾಪಿಗೆ ಹಾಕಬೇಡಿ. ದಯವಿಟ್ಟು.

ಹಾಗಾದರೆ ಸರಿಯಾಗಿ ನೋಡೋದು ಹೇಗೆ? ಕಾಕಾನ ತಂಗಿಯ ಮಗಳು ಗೋವಾದಲ್ಲಿ ನರ್ಸ್. ಜುಲೈ ಮಧ್ಯದಲ್ಲಿ ರಜೆಗೆ ಬಂದಾಗ ಮಾಮನ ಮೂಗಿನ ಗಾಯ ನೋಡಿ ಮಷಿನನ್ನು ಕಪಾಟಿನಿಂದ ಇಳಿಸಿದಳು. ಅವಳು ಮಾಡಿದ್ದನ್ನು ಒಂದೊಂದಾಗಿ ಬರೀತೀನಿ, ಯಾಕಂದರೆ ಇದರಲ್ಲಿ ಯಾವುದೂ ದೊಡ್ಡ ವಿದ್ಯೆ ಅಲ್ಲ.

ಒಂದು, ಮುಖ ಸೋಪಿನಲ್ಲಿ ತೊಳೆಯಲು ಹೇಳಿದಳು. ರಾತ್ರಿ ತಲೆಗೆ ತೆಂಗಿನೆಣ್ಣೆ ತಟ್ಟಿ, ಅದೇ ಕೈಯನ್ನು ಮುಖಕ್ಕೆ ಸವರಿಕೊಂಡು ಮಲಗುವ ಕರಾವಳಿಯ ಜನ ನಾವು. ಎಣ್ಣೆ ಮುಖದ ಮೇಲೆ ಸಿಲಿಕೋನ್ ಜಾರುತ್ತೆ, ಬೇಗ ಹಾಳೂ ಆಗುತ್ತೆ. ಮಾಸ್ಕಿನ ಅಂಚನ್ನೂ ದಿನಾ ಮೆದು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಗಾಯಕ್ಕೆ ಅಂತ ವ್ಯಾಸಲೀನ್ ಹಚ್ಚಿ ಅದರ ಮೇಲೆ ಮಾಸ್ಕು ಹಾಕೋದೂ ಬೇಡ.

ಎರಡು, ಮಲಗಿಸಿದಳು. ಕೂತಾಗ ಇರುವ ಮುಖ ಬೇರೆ, ಮಲಗಿದಾಗ ಇರುವ ಮುಖ ಬೇರೆ. ಕೆನ್ನೆ ಇಳಿಯುತ್ತೆ, ದವಡೆ ಹಿಂದಕ್ಕೆ ಹೋಗುತ್ತೆ. ಕಟ್ಟಿದ ಹಲ್ಲಿನ ಸೆಟ್ ತೆಗೆದಿಟ್ಟು ಮಲಗುವವರಾದರೆ ಅದನ್ನು ತೆಗೆದೇ ಮಾಸ್ಕು ನೋಡಬೇಕು. ಮಗ್ಗುಲಾಗಿ ಮಲಗುವವರು ಆ ಮಗ್ಗುಲಲ್ಲೇ, ತಮ್ಮದೇ ದಿಂಬಿನ ಮೇಲೇ ನೋಡಬೇಕು.

ಮೂರು, ಮಷಿನನ್ನು ಪೂರ್ತಿ ಒತ್ತಡಕ್ಕೆ ಏರಿಸಿದಳು. ಇದನ್ನಂತೂ ನಮ್ಮ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಮಷಿನ್ ಶುರುವಿನಲ್ಲಿ 4ರಷ್ಟು ಸಣ್ಣ ಒತ್ತಡ ಕೊಟ್ಟು ನಿಧಾನ ಏರುತ್ತೆ. 4ರಲ್ಲಿ ಸೋರದ ಮಾಸ್ಕು ನಡುರಾತ್ರಿ 11ಕ್ಕೆ ಹೋದಾಗ ಎದ್ದು ಕೂರುತ್ತೆ. ಹೆಚ್ಚಿನ ಮಷಿನ್ನುಗಳಲ್ಲಿ ಮಾಸ್ಕು ಪರೀಕ್ಷಿಸಲಿಕ್ಕೆ ಅಂತಲೇ ಒಂದು ವ್ಯವಸ್ಥೆ ಇರುತ್ತೆ, ಆ ಗುಂಡಿ ಯಾವುದು ಅಂತ ಕೇಳಿಕೊಳ್ಳಿ.

ನಾಲ್ಕು, ಪಟ್ಟಿಗಳನ್ನೆಲ್ಲ ಸಡಿಲ ಮಾಡಿದಳು! ಮಾಸ್ಕನ್ನು ಮುಖದಿಂದ ಸ್ವಲ್ಪ ಮುಂದಕ್ಕೆ ಎಳೆದು ಬಿಟ್ಟಳು, ಪೊರೆ ಉಬ್ಬಿ ತಾನಾಗೇ ಕೂರಲಿ ಅಂತ. ಆಮೇಲೆ ಎಡ ಬಲ ಸಮನಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆದಳು. ಪಟ್ಟಿಯಡಿ ಬೆರಳು ಆರಾಮಾಗಿ ಹೋಗುತ್ತಿತ್ತು.

ಐದು, ಇಷ್ಟೆಲ್ಲ ಆದ ಮೇಲೂ ಮೂಗಿನ ಮೇಲ್ಗಡೆ ಸ್ವಲ್ಪ ಸೋರುತ್ತಲೇ ಇತ್ತು. ಆಗ ಅವಳು ಅಂದಿದ್ದು, “ಮಾಮಾ, ಇದು ನಿಮ್ಮ ಮುಖದ ಮಾಸ್ಕೇ ಅಲ್ಲ.” ಅಳತೆ ನೋಡಿದರೆ ಸೈಜೇ ದೊಡ್ಡದು. ಮೇಲಾಗಿ ಕಾಕಾಗೆ ಮೂಗು ಕಟ್ಟುವ ತೊಂದರೆ ಇಲ್ಲ, ಬಾಯಿ ಮುಚ್ಚುವ ಮಾಸ್ಕಿನ ಅಗತ್ಯವೇ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮೂಗಿಗೆ ಮಾತ್ರ ಕೂರುವ ಸಣ್ಣ ಮಾಸ್ಕು ತರಿಸಿದರು. ಮತ್ತೆ ಹಲವು ಸಾವಿರ ರೂಪಾಯಿ ಖರ್ಚು, ಅದೇನೋ ನಿಜ.

ಇಲ್ಲಿ ಒಂದು ಮಾತು ಸೇರಿಸಬೇಕು. ಮುಖ್ಯವಾಗಿ ಮಾಸ್ಕು ಮೂರು ಬಗೆ: ಮೂಗನ್ನು ಮುಚ್ಚುವುದು, ಮೂಗಿನ ಹೊಳ್ಳೆಗಳಿಗೆ ಮಾತ್ರ ಮೆತ್ತಗೆ ಕೂರುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು. ಕೊನೆಯದು ದೊಡ್ಡದು, ಆದ್ದರಿಂದ ಜಾಸ್ತಿ ಒಳ್ಳೆಯದು ಅಂತ ನಮ್ಮ ಜನ (ಅಂಗಡಿಯವರೂ) ತಿಳೀತಾರೆ. ಮುಖದ ಮೇಲೆ ಅಂಚು ಉದ್ದವಾದಷ್ಟೂ ಸೋರುವ ಜಾಗ ಜಾಸ್ತಿ. ಅಮೆರಿಕದ ನಿದ್ರಾ ವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಸಾಮಾನ್ಯವಾಗಿ ಮೊದಲೆರಡು ಬಗೆಯನ್ನೇ ಮುಂದಿಡಿ ಅನ್ನುತ್ತೆ. ಮೂಗು ಸದಾ ಕಟ್ಟುವವರಿಗೆ, ಬಾಯಿಯಲ್ಲೇ ಉಸಿರಾಡುವವರಿಗೆ ಮೂರನೆಯದು ಬೇಕಾಗಬಹುದು. ದಪ್ಪ ಮೀಸೆ ಇದ್ದವರಿಗೆ ಹೊಳ್ಳೆಗೆ ಕೂರುವುದು ಅನುಕೂಲ. ಮೀಸೆ ಬೋಳಿಸಿ ಅಂತ ಹೇಳಿದರೆ ನಮ್ಮಲ್ಲಿ ಅರ್ಧ ಜನ ಚಿಕಿತ್ಸೆಯನ್ನೇ ಬಿಡ್ತಾರೆ :)

ಇನ್ನು ಕೆಲವು ಮಾಸ್ಕುಗಳ ಪಟ್ಟಿಗೆ ಆಯಸ್ಕಾಂತದ ಕೊಂಡಿ ಇರುತ್ತೆ. ಹಾಕಲು ತೆಗೆಯಲು ಸುಲಭ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ತಲೆಯಲ್ಲಿ ಲೋಹದ ಕ್ಲಿಪ್ ಇದ್ದವರು ಇದನ್ನು ಹಾಕಬಾರದು, ಪಕ್ಕದಲ್ಲಿ ಮಲಗುವವರಿಗೆ ಇದ್ದರೂ ಜೋಪಾನ. 2022ರಿಂದ ಕಂಪನಿಗಳೇ ಈ ಎಚ್ಚರಿಕೆ ಕೊಟ್ಟಿವೆ. ಫ್ರೀ ಮಾಸ್ಕು ಕೊಡುವಾಗ ಇದನ್ನು ಯಾರಾದರೂ ಕೇಳ್ತಾರಾ?

ಹಾಗಾದರೆ ‘ಅಭ್ಯಾಸ’ ಅನ್ನೋದು ಪೂರ್ತಿ ಸುಳ್ಳಾ ಅಂತ ನೀವು ಕೇಳಬಹುದು. ಇಲ್ಲ. ಇದರಲ್ಲಿ ಎರಡು ಥರದ ಕಷ್ಟ ಇದೆ, ಎರಡನ್ನೂ ಬೇರೆ ಮಾಡಬೇಕು. ಗಾಳಿಯ ವಿರುದ್ಧ ಉಸಿರು ಬಿಡೋದು ವಿಚಿತ್ರ ಅನ್ನಿಸೋದು, ಮುಖದ ಮೇಲೆ ಏನೋ ಇದೆ ಅನ್ನೋ ಕಸಿವಿಸಿ, ಕತ್ತಲಲ್ಲಿ ಉಸಿರು ಕಟ್ಟೀತು ಅನ್ನೋ ಭಯ: ಇವೆಲ್ಲ ಸಮಯ ಕೊಟ್ಟರೆ ಕಡಿಮೆ ಆಗುವಂಥವು. ಹಗಲಲ್ಲಿ ಟಿವಿ ನೋಡ್ತಾ ಅರ್ಧ ಗಂಟೆ ಹಾಕಿಕೊಂಡು ಕೂತರೆ ಬೇಗ ಒಗ್ಗುತ್ತೆ. ಕಾಕಾ ಧಾರಾವಾಹಿ ನೋಡುವಾಗ ಹಾಕಿಕೊಂಡು ಕೂತರೆ ಮೊಮ್ಮಕ್ಕಳು ‘ಅಜ್ಜ ವಿಮಾನ ಬಿಡ್ತಾರೆ’ ಅಂತ ಸುತ್ತ ಕುಣೀತಿದ್ದವು. ಆದರೆ ಗಾಯ, ಕಣ್ಣಿಗೆ ಗಾಳಿ, ಪೀಪಿ ಶಬ್ದ, ದಿನಾ ಬೆಳಿಗ್ಗೆ ಮುಖದ ಮೇಲೆ ಆಳವಾದ ಪಟ್ಟಿಯ ಗುರುತು: ಇವು ಒಗ್ಗುವಂಥವಲ್ಲ, ಸರಿಪಡಿಸುವಂಥವು. ಗಾಳಿಗೆ ಒಗ್ಗಿಕೊಳ್ಳಿ ಅಂತ ಹೇಳಿ, ಒಪ್ಪುತ್ತೀನಿ. ಗಾಯಕ್ಕೆ ಒಗ್ಗಿಕೊಳ್ಳಿ ಅನ್ನಬೇಡಿ.

ಆ ಭಯದ ಬಗ್ಗೆಯೂ ಒಂದು ಮಾತು, ಯಾಕಂದರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ ದೇವರಿಗೇ ಗೊತ್ತು. ‘ಕರೆಂಟು ಹೋದರೆ ಮಾಸ್ಕಿನೊಳಗೆ ಉಸಿರು ಕಟ್ಟಿ ಸಾಯ್ತೀವಾ?’ ಇದು ಕಾಕಿಯ ಮೊದಲ ಪ್ರಶ್ನೆ ಆಗಿತ್ತು. ಮೂಗು ಬಾಯಿ ಎರಡೂ ಮುಚ್ಚುವ ಸಿಪ್ಯಾಪ್ ಮಾಸ್ಕುಗಳಲ್ಲಿ ಗಾಳಿ ನಿಂತ ಕೂಡಲೇ ತೆರೆದುಕೊಳ್ಳುವ ಒಂದು ಕವಾಟ ಇರುತ್ತೆ, ಹೊರಗಿನ ಗಾಳಿ ಒಳಗೆ ಬರುತ್ತೆ. ಮೂಗಿನ ಮಾಸ್ಕಾದರೆ ಬಾಯಿ ಇದ್ದೇ ಇದೆ. ಅವತ್ತಿನ ಚಿಕಿತ್ಸೆ ತಪ್ಪುತ್ತೆ ನಿಜ, ಇನ್ವರ್ಟರ್ ಇದ್ದರೆ ಒಳ್ಳೆಯದು. ಈ ಎರಡು ವಾಕ್ಯವನ್ನು ಮಾರುವವರು ಮೊದಲ ದಿನವೇ ಹೇಳಿದ್ದರೆ ಕಾಕಿ ಅಷ್ಟು ರಾತ್ರಿ ಎದ್ದು ಕೂತು ಕಾಯಬೇಕಿರಲಿಲ್ಲ.

ಈಗ ನನ್ನ ಬೇಡಿಕೆಗಳಿಗೆ ಬರ್ತೀನಿ.

ಡಾಕ್ಟರು ಬರೆಯುವ ಚೀಟಿಯಲ್ಲಿ ಒತ್ತಡ ಬರೆದ ಹಾಗೆ ಮಾಸ್ಕಿನ ಬಗೆ ಮತ್ತು ಸೈಜೂ ಬರಲಿ. ಕನ್ನಡಕದ ಚೀಟಿಯಲ್ಲಿ ‘ಕನ್ನಡಕ’ ಅಂತ ಮಾತ್ರ ಬರೆದುಕೊಟ್ಟರೆ ನಾವು ಸುಮ್ಮನಿರ್ತೀವಾ?

ಮಲಗಿಸಿ, ಮಷಿನ್ ಪೂರ್ತಿ ಒತ್ತಡದಲ್ಲಿ ಓಡಿಸಿ ನೋಡದೆ ಯಾರೂ ಮಾಸ್ಕು ಮಾರಬಾರದು. ಅರ್ಧ ಗಂಟೆಯ ಕೆಲಸ. ಒಂದು ಮಂಚ, ಎರಡು ಮೂರು ಬಗೆಯ ಮಾದರಿ ಮಾಸ್ಕು, ತೊಳೆಯುವ ವ್ಯವಸ್ಥೆ ಸಾಕು.

ಮೊದಲ ಒಂದು ತಿಂಗಳಲ್ಲಿ ಸೈಜು ಸರಿ ಬರದಿದ್ದರೆ ಬದಲಿಸಿಕೊಡಲಿ. ಅಮೆರಿಕದಲ್ಲಿ ಕೆಲವು ಕಂಪನಿಗಳು 30 ದಿನದೊಳಗೆ ಬದಲಿಸುವ ಪದ್ಧತಿ ಇಟ್ಟುಕೊಂಡಿವೆ. ಇಲ್ಲಿ ‘ಪ್ಯಾಕ್ ಒಡೆದರೆ ವಾಪಸ್ ಇಲ್ಲ’.

ಇದಕ್ಕೆ ವ್ಯಾಪಾರಿಗಳ ಉತ್ತರ ನನಗೆ ಗೊತ್ತು. ಒಬ್ಬರು ಮುಖಕ್ಕೆ ಹಾಕಿದ್ದನ್ನು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ, ನಷ್ಟ ನಮಗೆ ಅಂತಾರೆ. ಮಾತು ನ್ಯಾಯವೇ. ಅದಕ್ಕೇ ನಾನು ಹೇಳೋದು, ಮಾರುವ ಮೊದಲೇ ಅಳೆದು ನೋಡಿ ಅಂತ. ಅಳತೆಯ ಕಾಗದದ ಪಟ್ಟಿಯನ್ನು ಕಂಪನಿಗಳೇ ಕೊಡ್ತವೆ. ಎಷ್ಟೋ ಮಾಸ್ಕುಗಳಲ್ಲಿ ಚೌಕಟ್ಟು ಹಾಗೇ ಇಟ್ಟು ಮೆತ್ತನೆಯ ಅಂಚು ಮಾತ್ರ ಬೇರೆ ಸೈಜಿನದ್ದು ಹಾಕಬಹುದು. ಇಡೀ ಮಾಸ್ಕು ಬದಲಿಸುವ ನಷ್ಟಕ್ಕಿಂತ ಅದು ಕಡಿಮೆ.

ಇನ್ನೊಂದು ಆಕ್ಷೇಪ: ‘ಈಗ ಎಲ್ಲಾ ಆನ್‌ಲೈನಿನಲ್ಲಿ ಸಿಗುತ್ತಲ್ಲ, ವಿಡಿಯೋ ನೋಡಿ ಹಾಕಿಕೊಂಡರಾಯಿತು.’ ಓದು ಬರಹ ಬಲ್ಲ, ಇಂಗ್ಲಿಷ್ ಬಲ್ಲ ನಿಮಗೆ ನನಗೆ ಸರಿ. ದೇವಬಾಗದ ತಾಂಡೇಲರಿಗೆ, ಅಂಕೋಲೆಯ ಗದ್ದೆಯ ಅಜ್ಜನಿಗೆ? ಬಾಕ್ಸಿನೊಳಗಿನ ಪುಸ್ತಕವನ್ನು ತೆರೆದು ನೋಡಿದೆ, ಹತ್ತಾರು ಭಾಷೆ ಇತ್ತು, ಕನ್ನಡ ಇರಲಿಲ್ಲ.

ಕೊನೆಯದು ನಮ್ಮ ಜಿಲ್ಲೆಯ ಪ್ರಶ್ನೆ. ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಅಂದರೆ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರು. ಕಾರವಾರದಿಂದ ಹುಬ್ಬಳ್ಳಿಗೆ 160 ಕಿ.ಮೀ. ಮೇಲೆ, ಮಂಗಳೂರಿಗೆ 250ರ ಮೇಲೆ. 2022ರಲ್ಲಿ ಇಡೀ ಜಿಲ್ಲೆಯ ಜನ ಸುಸಜ್ಜಿತ ಆಸ್ಪತ್ರೆ ಬೇಕು ಅಂತ ದನಿ ಎತ್ತಿದ್ದು ನಿಮಗೆ ನೆನಪಿರಬಹುದು. ಆ ಬೇಡಿಕೆಗೆ ನನ್ನ ಪೂರ್ತಿ ಬೆಂಬಲ. ಆದರೆ ಮಾಸ್ಕು ಕೂರಿಸಲಿಕ್ಕೆ ನೂರಾರು ಕೋಟಿಯ ಕಟ್ಟಡ ಬೇಡ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿ ವಾರಕ್ಕೊಂದು ಮಧ್ಯಾಹ್ನ, ಒಬ್ಬ ತರಬೇತಿ ಪಡೆದ ಟೆಕ್ನಿಶಿಯನ್ ಅಥವಾ ನರ್ಸ್, ಒಂದು ಪೆಟ್ಟಿಗೆ ಮಾದರಿ ಮಾಸ್ಕು. ಮಷಿನ್ ಎಲ್ಲಿಂದಲೇ ತಂದಿರಲಿ, ಬಂದು ಮಲಗಿ ಸರಿ ಮಾಡಿಸಿಕೊಂಡು ಹೋಗಲಿ. ಒಬ್ಬ ನರ್ಸ್ ರಜೆಗೆ ಬಂದಾಗ ಮನೆಯ ಮಂಚದ ಮೇಲೆ ಮಾಡಿದ್ದನ್ನು ಒಂದು ಆಸ್ಪತ್ರೆ ಮಾಡಲಾರದಾ?

ಕಾಕಾ ಹೇಗಿದ್ದಾರೆ ಅಂದರೆ, ಹೊಸ ಮಾಸ್ಕು ಬಂದ ಮೇಲೂ ಒಂದೇ ದಿನದಲ್ಲಿ ಜಾದೂ ಆಗಲಿಲ್ಲ. ಮೊದಲ ವಾರ ಎರಡು ಗಂಟೆ, ಮೂರು ಗಂಟೆ. ಮೂರನೇ ವಾರಕ್ಕೆ ಐದು ಗಂಟೆ ದಾಟಿತು. ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಹಾಕಿದರೆ ‘ಬಳಸ್ತಾ ಇದ್ದಾರೆ’ ಅಂತ ಲೆಕ್ಕಕ್ಕೆ ತಗೊಳ್ತಾರಂತೆ, ಆದರೆ ನಿದ್ದೆ ಮಾಡುವಷ್ಟು ಹೊತ್ತೂ ಹಾಕೋದೇ ಸರಿ. ಈಗ ಅವರೇ ಬೆಳಿಗ್ಗೆ ಮಷಿನಿನ ಪರದೆಯಲ್ಲಿ ಸೋರಿಕೆಯ ಗುರುತು ನೋಡ್ತಾರೆ, ಮೀನಿನ ರೇಟು ನೋಡಿದಷ್ಟೇ ಶ್ರದ್ಧೆಯಿಂದ. ಸೋರಿಕೆ ಜಾಸ್ತಿ ಇದ್ದರೆ ಉಸಿರು ಎಷ್ಟು ಸಲ ಕಟ್ಟಿತು ಅನ್ನೋ ಅಂಕಿಯನ್ನೂ ನಂಬುವ ಹಾಗಿಲ್ಲ, ಅದಕ್ಕೇ ಮೊದಲು ಸೋರಿಕೆ ನೋಡಬೇಕು. ರೆಸ್‌ಮೆಡ್ ಮಷಿನ್ನುಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಅಂತ ಲೆಕ್ಕ. ಬೇರೆ ಕಂಪನಿಯದ್ದು ಬೇರೆ ಥರ ಎಣಿಸುತ್ತೆ, ನಿಮ್ಮ ಡಾಕ್ಟರನ್ನೇ ಕೇಳಿ.

ಬ್ಲಾಗಿಗ ಮಿತ್ರರೇ, ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಮನೆಯಲ್ಲೂ ಕಪಾಟಿನ ಮೇಲೆ ಪೇಪರ್ ಹೊದ್ದು ಕೂತ ಮಷಿನ್ ಇರಬಹುದು. ಅಪ್ಪನದ್ದೋ, ಅತ್ತೆಯದ್ದೋ. ‘ಅವರಿಗೆ ಅಭ್ಯಾಸ ಆಗಲಿಲ್ಲ’ ಅಂತ ಕೈಬಿಟ್ಟಿರ್ತೀರಿ. ಈ ಭಾನುವಾರ ಅದನ್ನು ಇಳಿಸಿ, ಅವರನ್ನು ಮಲಗಿಸಿ, ಮಷಿನ್ ಪೂರ್ತಿ ಓಡಿಸಿ, ಪಟ್ಟಿ ಸಡಿಲ ಮಾಡಿ, ಎಲ್ಲಿ ಸೋರುತ್ತೆ ಅಂತ ಕೈಯಿಟ್ಟು ನೋಡಿ. ಆಮೇಲೆ ಡಾಕ್ಟರಿಗೆ ‘ಆಗ್ತಾ ಇಲ್ಲ’ ಅನ್ನುವ ಬದಲು ‘ಇಂಥಾ ಜಾಗದಲ್ಲಿ ಸೋರುತ್ತೆ’ ಅಂತ ಹೇಳಿ. ಉತ್ತರವೇ ಬೇರೆ ಸಿಗುತ್ತೆ.

ಯಾವ ಮುಖಕ್ಕೆ ಯಾವ ಬಗೆಯದ್ದು ಒಗ್ಗಿತು, ಎಲ್ಲಿ ಸೋರುತ್ತಿತ್ತು, ಏನು ಮಾಡಿದ ಮೇಲೆ ನಿಂತಿತು ಅಂತ ಕಮೆಂಟಿನಲ್ಲಿ ಬರೀರಿ. ಮೀಸೆ ಇದ್ದವರು ಮರೆಯದೆ ಬರೀರಿ. ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದರೆ ಸಿಗೋದು ಕಡಿಮೆ, ನಾಲ್ಕು ಜನರ ಅನುಭವ ಒಂದು ಕಡೆ ಸೇರಿದರೆ ಐದನೆಯವರಿಗೆ ಉಪಯೋಗ ಆದೀತು. ಏನಂತೀರಿ?